ಜೋಲಿಯ ಕೆಳಗೊಂದು ಕೌದಿ



ಶನಿವಾರ ಬಂತೆಂದರೆ ನಿಮ್ಮ ಕಾಲು ಪುಣೆಯಲ್ಲಿ ನಿಲ್ಲುವುದಿಲ್ಲವೆಂಬುದು ನಮಗೆಲ್ಲ ಗೊತ್ತಿದೆ. ಸಂಘದ ಕಾರ್ಯಕ್ರಮಕ್ಕೆ ಕರೆದರೆ "ಆಂಟೀ, ಟ್ರೆಕ್ ಇದೆ" ಎನ್ನುತ್ತೀರಿ. ಇರಲಿ. ಸಹ್ಯಾದ್ರಿಯಂಥ ಸಹ್ಯಾದ್ರಿ ಹಿತ್ತಲಲ್ಲೇ ನಿಂತಿರುವಾಗ ಹೋಗದೆ ಇರುವುದಾದರೂ ಹೇಗೆ? ಈಚೆಗೆ ನಿಮ್ಮಲ್ಲಿ ಹೊಸದೊಂದು ರೂಢಿ ಬಂದಿದೆ. ಡೇರೆಯನ್ನು ಮನೆಯಲ್ಲೇ ಬಿಟ್ಟು, ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ ಅದರಲ್ಲಿಯೇ ರಾತ್ರಿ ಕಳೆಯುತ್ತೀರಿ. ನೆಲದ ಕಲ್ಲು ಚುಚ್ಚುವುದಿಲ್ಲ, ಇರುವೆ-ಚೇಳುಗಳ ಅಂಜಿಕೆ ಕಡಿಮೆ, ಬೆನ್ನ ಮೇಲಿನ ಭಾರವೂ ಕಡಿಮೆ. ಬೇಸಿಗೆಯಲ್ಲಂತೂ ಅದಕ್ಕಿಂತ ಸುಖದ ಹಾಸಿಗೆ ಇನ್ನೊಂದಿಲ್ಲ. ಆದರೆ ಡಿಸೆಂಬರ್-ಜನವರಿಯ ಬೆಳಗಿನ ಜಾವಕ್ಕೆ ಅದೇ ಹಾಸಿಗೆ ಹೇಗೆ ವೈರಿಯಾಗುತ್ತದೆ, ಆಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

"ಮನೆಯಲ್ಲಿರುವ ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ನೀವು ಕೇಳಬಹುದು. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದು, ಮೂರು ದಶಕಗಳಿಂದ ಸೌಟು ಹಿಡಿದಿರುವವಳು ನಾನು. ಯಾವ ಶಿಖರವನ್ನೂ ಹತ್ತಿದವಳಲ್ಲ. ಆದರೆ ನಿಮ್ಮಂತೆಯೇ ಬೆಟ್ಟದ ಹುಚ್ಚು ಹಿಡಿದ ಮಗಳೊಬ್ಬಳು ನನಗಿದ್ದಾಳೆ. ಅವಳು ಹೊರಗಿದ್ದ ರಾತ್ರಿಗಳಲ್ಲಿ ನಿದ್ದೆ ಬಾರದೆ ಓದಿ, ಕೇಳಿ, ಕೊನೆಗೆ ಸೂಜಿ-ದಾರ ಹಿಡಿದು ಕಲಿತ ವಿದ್ಯೆ ಇದು.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಇಂಗ್ಲಿಷಿನ ಹ್ಯಾಮಕ್ ಎಂಬ ಪದ ಸ್ಪ್ಯಾನಿಷ್ ಭಾಷೆಯ ಮೂಲಕ ಕೆರಿಬಿಯನ್ ದ್ವೀಪಗಳ ತೈನೋ ಜನರ ನುಡಿಯಿಂದ ಬಂದದ್ದು. 1492ರಲ್ಲಿ ಕೊಲಂಬಸ್ ಆ ದ್ವೀಪಗಳಿಗೆ ಬಂದಾಗ ಅಲ್ಲಿನವರು ಹತ್ತಿಯ ಬಲೆಗಳನ್ನು ತೂಗುಹಾಕಿ ಮಲಗುವುದನ್ನು ಕಂಡು ಬರೆದಿಟ್ಟ. ಅದು ಬಿಸಿಲಿನ, ಬೆವರಿನ ನಾಡು. ಮೈಯ ಮೇಲೂ ಕೆಳಗೂ ಗಾಳಿಯಾಡಲಿ ಎಂದೇ ಹುಟ್ಟಿದ ಹಾಸಿಗೆ ಅದು. ಅಂದರೆ ಮೈಯನ್ನು ತಂಪಾಗಿಡುವುದೇ ಅದರ ಹುಟ್ಟುಗುಣ. ಅದನ್ನು ಚಳಿಗಾಲದಲ್ಲಿ ಬೆಟ್ಟಕ್ಕೆ ಒಯ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ, ರಾತ್ರಿಯಿಡೀ ನಿಮ್ಮನ್ನು ತಂಪು ಮಾಡುತ್ತಲೇ ಇರುತ್ತದೆ!

ನಮ್ಮ ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಜೋಲಿ. ನೀವೆಲ್ಲ ಅದರಲ್ಲಿ ಮಲಗಿದವರೇ, ನೆನಪಿಲ್ಲ ಅಷ್ಟೆ. ತೊಲೆಗೋ ಕೊಕ್ಕೆಗೋ ಹಳೆಯ ಸೀರೆಯನ್ನು ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ ತೂಗುವುದು. ಆದರೆ ಯಾವ ತಾಯಿಯೂ ಬರಿಯ ಸೀರೆಯ ಮೇಲೆ ಕೂಸನ್ನು ಮಲಗಿಸುವುದಿಲ್ಲ. ಮೊದಲು ಕೌದಿಯನ್ನು ಮಡಚಿ ಒಳಗೆ ಹಾಸುತ್ತಾಳೆ, ಆಮೇಲೆ ಕೂಸು, ಆಮೇಲೆ ಹೊದಿಕೆ, ತಲೆಗೆ ಕುಲಾವಿ. ಈ ಕ್ರಮವನ್ನು ನೆನಪಿಡಿ. ನನ್ನ ಲೇಖನದ ಸಾರವೆಲ್ಲ ಇದರಲ್ಲೇ ಇದೆ.

ಈಗ 2022ರ ಡಿಸೆಂಬರಿನ ಒಂದು ಸಂಗತಿ. ನನ್ನ ಮಗಳೂ ಸೇರಿ ಆರು ಜನ ಭಂಡಾರದರಾ ಕಡೆಗೆ ಹೋಗಿದ್ದರು. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ 1646 ಮೀಟರಿನ ಕಳಸೂಬಾಯಿ ಅಲ್ಲಿಗೆ ಸಮೀಪ. ಪರಿಚಯದ ರೈತರೊಬ್ಬರ ಹೊಲದಲ್ಲಿ, ಅವರ ಒಪ್ಪಿಗೆ ಪಡೆದು ಹ್ಯಾಮಕ್ ಕಟ್ಟಿದ್ದರು. ಅವರಲ್ಲೊಬ್ಬ ಹುಡುಗ, ನಮ್ಮ ಕನ್ನಡದವನೇ, ನೋಟ ಚೆನ್ನಾಗಿದೆಯೆಂದು ನೀರಿನ ಅಂಚಿಗೆ ಹೋಗಿ ಕಟ್ಟಿಕೊಂಡ. ಮೇಲೆ ಹೊದೆಯಲು ದಪ್ಪ ಸ್ಲೀಪಿಂಗ್ ಬ್ಯಾಗ್, ಅದರ ಮೇಲೊಂದು ಶಾಲು. ಕೆಳಗೆ ಏನೂ ಇಲ್ಲ. ನಸುಕಿನ ನಾಲ್ಕು ಗಂಟೆಗೆ ನನ್ನ ಮಗಳು ಎದ್ದಾಗ ಅವನು ಗದಗದ ನಡುಗುತ್ತಿದ್ದ. ಏನಾಯಿತೆಂದು ಕೇಳಿದರೆ ಮಾತು ತೊದಲುತ್ತಿತ್ತು, ಬ್ಯಾಗಿನ ಜಿಪ್ ಎಳೆಯಲು ಬೆರಳು ಬಾರದು. ಜೊತೆಗಿದ್ದವರು ನಿದ್ದೆಗಣ್ಣು ಎಂದುಕೊಂಡರು. ಇವಳಿಗೆ ಅನುಮಾನ ಬಂದು, ಇಬ್ಬರ ಸಹಾಯದಿಂದ ಅವನನ್ನು ರೈತರ ಮನೆಗೆ ಕರೆದೊಯ್ದಳು. ಎಲ್ಲರೂ ಗಡಿಬಿಡಿಯಿಂದ ಅವನ ಮೇಲೆ ಹೊದಿಕೆಗಳನ್ನು ಹೇರತೊಡಗಿದಾಗ ಆ ಮನೆಯ ಅಜ್ಜಿ ತಡೆದು, "ಆಧೀ ಖಾಲೀ ಅಂಥರಾ" ಎಂದರಂತೆ. ಮೊದಲು ಕೆಳಗೆ ಹಾಸಿರಿ! ಎರಡು ಗೋಧಡಿ, ಅದರ ಮೇಲೊಂದು ಕಂಬಳಿ ಹಾಸಿ ಮಲಗಿಸಿ, ಆಮೇಲೆ ಹೊದೆಸಿ, ಬೆಲ್ಲದ ಬಿಸಿ ಚಹಾ ಗುಟುಕು ಗುಟುಕಾಗಿ ಕುಡಿಸಿದರು. ಬೆಳಗಾಗುವ ಹೊತ್ತಿಗೆ ಹುಡುಗ ಸರಿಯಾದ. ದೇವರು ದೊಡ್ಡವನು.

ಮಗಳು ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮವರು, "ಇನ್ನ ಸಾಕು, ಚಳಿಗಾಲದಾಗ ಎಲ್ಲೂ ಹೋಗೂದು ಬ್ಯಾಡ" ಎಂದು ಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮಗಳು ಮರುವರ್ಷ ಜನವರಿಯಲ್ಲಿ ಉತ್ತರಾಖಂಡಕ್ಕೆ ಹೋಗುವ ಕನಸು ಕಟ್ಟಿ, ಸಂಬಳದಲ್ಲಿ ಹಣ ಉಳಿಸುತ್ತಿದ್ದಳು. ನನಗೆ ಆ ಅಜ್ಜಿಯ ಮಾತೇ ಕಿವಿಯಲ್ಲಿತ್ತು. ಬೇಡವೆನ್ನುವುದು ಸುಲಭ. ಬೇಡವೆಂದ ಮೇಲೆ ಮಕ್ಕಳು ಹೋಗುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. "ಕೆಳಗಿನ ಚಳಿಗೆ ಒಂದು ಉಪಾಯ ಮಾಡೋಣ. ಇಲ್ಲೇ ಎರಡು ರಾತ್ರಿ ಪರೀಕ್ಷೆ ಮಾಡೋಣ. ಸರಿ ಹೋದರೆ ಹೋಗಲಿ, ಇಲ್ಲದಿದ್ದರೆ ಇಲ್ಲ" ಎಂದೆ. ಇಬ್ಬರೂ ಒಪ್ಪಿದರು.

ಈ ಕೆಳಗಿನ ಚಳಿ ಎಂದರೇನು? ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಶಾಖ ಅದರಲ್ಲಿ ಸುಲಭವಾಗಿ ಹರಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಪಿಂಜಾರ ಸಾಹೇಬರು ಬಿಲ್ಲು ಹೊತ್ತು ಮನೆಗೆ ಬರುತ್ತಿದ್ದರು. ಗಂಟುಗಟ್ಟಿದ ಗಾದಿಯ ಹತ್ತಿಯನ್ನು ಹಿಂಜಿ ಮೋಡದಂತೆ ಉಬ್ಬಿಸಿ ಮತ್ತೆ ತುಂಬಿಕೊಡುತ್ತಿದ್ದರು. ಹತ್ತಿ ಅದೇ, ತೂಕವೂ ಅದೇ, ಆದರೆ ಅಂದಿನ ರಾತ್ರಿ ಗಾದಿ ಬೆಚ್ಚಗೆ! ಅವರು ತುಂಬಿಕೊಟ್ಟದ್ದು ಗಾಳಿಯನ್ನು.

ಈಗ ನಿಮ್ಮ ಸ್ಲೀಪಿಂಗ್ ಬ್ಯಾಗ್ ನೋಡಿ. ಮೇಲ್ಭಾಗ ಉಬ್ಬಿಕೊಂಡಿರುತ್ತದೆ, ಬೆನ್ನ ಕೆಳಗಿನ ಭಾಗ ನಿಮ್ಮ ಭಾರಕ್ಕೆ ಹಪ್ಪಳದಂತೆ ಚಪ್ಪಟೆಯಾಗುತ್ತದೆ. ಗಾಳಿ ಹೋಯಿತು, ಬಿಸಿಯೂ ಹೋಯಿತು. ನೆಲದ ಮೇಲಾದರೆ ಕೆಳಗಿನ ಮಣ್ಣು ಒಂದೇ ಕಡೆ ನಿಂತಿರುತ್ತದೆ, ಸ್ವಲ್ಪ ಹೊತ್ತಿಗೆ ಅದೂ ಕೊಂಚ ಬೆಚ್ಚಗಾದೀತು. ಹ್ಯಾಮಕ್ಕಿನ ಕೆಳಗೆ ಗಾಳಿ ಹರಿಯುತ್ತಲೇ ಇರುತ್ತದೆ. ನಿಮ್ಮ ಮೈ ಬಿಸಿ ಮಾಡಿದ ಗಾಳಿಯನ್ನು ಒಯ್ದು, ಹೊಸ ತಣ್ಣನೆಯ ಗಾಳಿಯನ್ನು ತಂದಿಡುತ್ತದೆ. ಆದ್ದರಿಂದ ಹ್ಯಾಮಕ್ಕಿನಲ್ಲಿ ಮೇಲೆ ಮೂರು ರಜಾಯಿ ಹೊದ್ದರೂ ಬೆನ್ನು, ಸೊಂಟ, ತೊಡೆಗಳು ತಣ್ಣಗಾಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ಹಾಸಿಗೆಯೇ ಇಲ್ಲ!

ಹಾಗಾದರೆ ಕೂಸಿಗೆ ಮಾಡಿದಂತೆ ಒಳಗೊಂದು ಕೌದಿ ಹಾಸಿಕೊಂಡರೆ ಸಾಲದೇ? ಸಾಲದು. ಮೂರು-ನಾಲ್ಕು ಕಿಲೋ ತೂಗುವ ಕೂಸಿನ ಭಾರಕ್ಕೆ ಕೌದಿ ಕುಗ್ಗುವುದಿಲ್ಲ. ಅರವತ್ತು ಕಿಲೋದ ನಿಮ್ಮ ಭಾರಕ್ಕೆ ಅದೂ ಹಪ್ಪಳವೇ. ಉಪಾಯ ಇರುವುದು ಜಾಗ ಬದಲಿಸುವುದರಲ್ಲಿ. ಕೌದಿಯನ್ನು ಜೋಲಿಯ ಒಳಗಲ್ಲ, ಹೊರಗೆ, ಕೆಳಗಿನಿಂದ ತೂಗುಹಾಕಬೇಕು. ಆಗ ನಿಮ್ಮ ಭಾರ ಜೋಲಿಯ ಮೇಲೆ ಬೀಳುತ್ತದೆ, ಕೌದಿ ಉಬ್ಬಿಕೊಂಡೇ ಇದ್ದು ಬೆನ್ನಿಗೆ ಮೆತ್ತಗೆ ತಾಗಿರುತ್ತದೆ. ಹೊರದೇಶದ ಕಂಪನಿಗಳು ಇದನ್ನೇ ಅಂಡರ್‌ಕ್ವಿಲ್ಟ್ ಎಂದು ಕರೆದು ಮಾರುತ್ತವೆ. ಅವುಗಳ ಬೆಲೆ ಕೇಳಿ ಮಗಳು ಹಿಂದೆ ಸರಿದಳು, ನಾನು ಹೊಲಿಗೆ ಯಂತ್ರದ ಮುಸುಕು ತೆಗೆದೆ.

ನಮ್ಮವ್ವ ಹೊಲಿದ ಕೌದಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದನ್ನು ತೆಗೆದು ಮಗಳ ಮುಂದೆ ಹರವಿದೆ. ಒಂದೊಂದು ತುಂಡೂ ಒಬ್ಬೊಬ್ಬರ ಸೀರೆ, ಒಬ್ಬೊಬ್ಬರ ಕುಪ್ಪಸ. ಅವಳು, "ಅಮ್ಮ, ಇದು ಎಷ್ಟು ಭಾರ!" ಎಂದಳು. ನಿಜ. ಅದು ಅರಿವೆಯದು, ಇಬ್ಬನಿ ಕುಡಿದರೆ ಇನ್ನಷ್ಟು ಭಾರವಾಗಿ, ತಣ್ಣಗಾಗಿ, ಬೇಗ ಒಣಗುವುದೂ ಇಲ್ಲ. ಇನ್ನೊಂದು ವಿಷಯವನ್ನೂ ಆಗ ಗಮನಿಸಿದೆ. ಕೌದಿಯಲ್ಲಿ ದಾರದ ಸಾಲುಗಳು ಒತ್ತೊತ್ತಾಗಿರುತ್ತವೆ, ಅದಕ್ಕೇ ಅದು ಎರಡು ತಲೆಮಾರು ಬಾಳುತ್ತದೆ. ಆದರೆ ಹೊಲಿಗೆ ಬಿದ್ದಲ್ಲೆಲ್ಲ ದಪ್ಪ ಕುಗ್ಗುತ್ತದೆ, ಅಲ್ಲಿಂದ ಚಳಿ ಒಳಗೆ ಬರುತ್ತದೆ. ಆದ್ದರಿಂದ ಅವ್ವನ ವಿಚಾರವನ್ನು ಇಟ್ಟುಕೊಂಡು ಅರಿವೆ ಮತ್ತು ಹೊಲಿಗೆಯನ್ನು ಬದಲಿಸಿದೆವು.

ನಾವು ಮಾಡಿದ್ದು ಹೀಗೆ. ಹಳೆಯ ಪಾಲಿಯೆಸ್ಟರ್ ರಜಾಯಿಯನ್ನು ಬಿಚ್ಚಿ ಒಳಗಿನ ತುಂಬುವಿಕೆಯನ್ನು ಹೊರತೆಗೆದೆವು. ಅದು ಒದ್ದೆಯಾದರೂ ಹತ್ತಿಯಷ್ಟು ಕೆಡುವುದಿಲ್ಲ. ಬಾತುಕೋಳಿಯ ತುಪ್ಪುಳ ಇದಕ್ಕಿಂತ ಹಗುರ, ಇನ್ನೂ ಬೆಚ್ಚಗೆ, ಆದರೆ ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು. ಸುಮಾರು ನಾಲ್ಕೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕೆ ತೆಳುವಾದ ನೈಲಾನ್ ಅರಿವೆಯ ಎರಡು ತುಂಡು ಕತ್ತರಿಸಿ, ನಡುವೆ ಆ ತುಂಬುವಿಕೆಯ ಎರಡು ಪದರ ಇಟ್ಟೆವು. ಭುಜದಿಂದ ಮೊಣಕಾಲಿನವರೆಗೆ ಬಂದರೆ ಸಾಕು. ಒಳಗಿನದು ಸರಿದಾಡದಂತೆ ಅಲ್ಲಲ್ಲಿ ಒಂದೊಂದು ಟಾಕು, ಅಷ್ಟೆ. ತಲೆಯ ಕಡೆ ಮತ್ತು ಕಾಲಿನ ಕಡೆ ಲಂಗಕ್ಕೆ ಮಾಡುವಂತೆ ನೇಫೆ ಹೊಲಿದು ಲಾಡಿ ಹಾಕಿದೆ. ಎರಡೂ ಪಕ್ಕಗಳಲ್ಲಿ ಇಲಾಸ್ಟಿಕ್ ಹಗ್ಗ ಓಡಿಸಿ, ಅದರ ತುದಿಗಳನ್ನು ಹ್ಯಾಮಕ್ಕಿನ ಎರಡು ತುದಿಗಳಿಗೆ ಸಿಕ್ಕಿಸಿದೆವು. ಲಾಡಿ ಎಳೆದರೆ ಎರಡೂ ಕಡೆ ಬಾಯಿ ಮುಚ್ಚಿಕೊಂಡು ಗಾಳಿ ನುಗ್ಗದು. ಲಂಗ ಹೊಲಿಯಲು ಬಲ್ಲ ಯಾರಿಗಾದರೂ ಇದು ಒಂದು ಮಧ್ಯಾಹ್ನದ ಕೆಲಸ. ಹುಡುಗರೂ ಕಲಿಯಬಹುದು, ಕಲಿಯಬೇಕು!

ಪರೀಕ್ಷೆಗೆ ಸಿಂಹಗಡದ ತಪ್ಪಲಿನಲ್ಲಿ ಪರಿಚಯದವರ ಮಾವಿನ ತೋಟ ಸಿಕ್ಕಿತು. ಜನವರಿಯ ಎರಡು ರಾತ್ರಿ. ನಾವು ಗಂಡ-ಹೆಂಡತಿ ತೋಟದ ಮನೆಯಲ್ಲಿ, ಮಗಳು ಮರಗಳ ನಡುವೆ. ಮೊದಲ ರಾತ್ರಿ ಬೇಕೆಂದೇ ಕೌದಿ ಇಲ್ಲದೆ, ಬರಿಯ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿದಳು. ಎರಡು ಗಂಟೆಗೆ ಬಾಗಿಲು ಬಡಿದು, "ಬೆನ್ನಾಗ ಐಸ್ ಇಟ್ಟಂಗ ಆತು" ಎಂದು ಒಳಗೆ ಬಂದಳು. ಎರಡನೆಯ ರಾತ್ರಿ ಕೆಳಗೆ ನಮ್ಮ ಹೊಸ ಕೌದಿ ಕಟ್ಟಿದೆವು. ಅವಳು ಒಳಗೆ ಮಲಗಿದಾಗ ನಾನು ಕೌದಿಗೂ ಹ್ಯಾಮಕ್ಕಿಗೂ ನಡುವೆ ಅಂಗೈ ತೂರಿಸಿ ನೋಡಿದೆ. ಸೊಂಟದ ಹತ್ತಿರ ಜೋತುಬಿದ್ದು ಸಂದು ಬಿಟ್ಟಿತ್ತು, ಹಗ್ಗ ಬಿಗಿ ಮಾಡಿದೆವು. ಅತಿ ಬಿಗಿಯಾದರೆ ಕೌದಿ ಚಪ್ಪಟೆಯಾಗುತ್ತದೆ, ಸಡಿಲವಾದರೆ ನಡುವೆ ಗಾಳಿ ಹರಿಯುತ್ತದೆ. ಮೈಗೆ ತಾಗಿಯೂ ತಾಗದಂತಿರಬೇಕು. ಗೋಡೆಯ ಉಷ್ಣಮಾಪಕ ಬೆಳಿಗ್ಗೆ 9 ಡಿಗ್ರಿ ತೋರಿಸುತ್ತಿತ್ತು. ಆರಕ್ಕೆ ನಮ್ಮವರು ಚಹಾ ಹಿಡಿದು ಹೋಗಿ ಎಬ್ಬಿಸಿದರೆ, ಈ ಮಹಾರಾಯಳು "ಇನ್ನ ಹತ್ತು ನಿಮಿಷ, ಅಪ್ಪಾ" ಎಂದು ಮಗ್ಗುಲು ಬದಲಿಸಿದಳು! ಅವರು ಒಂದೂ ಮಾತಾಡದೆ ಆ ಚಹಾವನ್ನು ತಾವೇ ಕುಡಿದು ಬಂದರು. ನನಗೆ ಅಷ್ಟೇ ಉತ್ತರ ಸಾಕಿತ್ತು.

ಹೊಲಿಯಲು ಬಾರದವರಿಗೆ ಇನ್ನೊಂದು ದಾರಿ ಇದೆ. ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಫೋಮಿನ ಮ್ಯಾಟ್. ಅದರೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು ಮುಚ್ಚಿರುವುದರಿಂದ ಭಾರಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹ್ಯಾಮಕ್ಕಿನಲ್ಲಿ ಅದು ಜಾರುತ್ತದೆ, ಆದ್ದರಿಂದ ಸ್ಲೀಪಿಂಗ್ ಬ್ಯಾಗಿನ ಒಳಗೇ ತೂರಿಸಿಕೊಳ್ಳಿ. ಭುಜಗಳು ಹೊರಗುಳಿಯುತ್ತವೆ, ಅಲ್ಲಿಗೆ ಇನ್ನೊಂದು ಸಣ್ಣ ತುಂಡನ್ನು ಅಡ್ಡ ಹಾಕಿ.

ಇನ್ನು ಜಾಗದ ವಿಚಾರ. ತಂಪು ಗಾಳಿ ಭಾರವಾದದ್ದು, ರಾತ್ರಿ ಅದು ನೀರಿನಂತೆ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಕೆರೆಯಂಚು ನೋಡಲು ಚೆಂದ, ಮಲಗಲು ಅಲ್ಲ. ಬೆಟ್ಟದ ನೆತ್ತಿಯಲ್ಲಿ ಗಾಳಿಯ ಹೊಡೆತ. ಇವೆರಡರ ನಡುವೆ, ಪೊದೆಗಳ ಮರೆಯಲ್ಲಿ ಕಟ್ಟಿ. ಮೋಡವಿಲ್ಲದ ಆಕಾಶದ ರಾತ್ರಿ ಇನ್ನೂ ಹೆಚ್ಚು ಚಳಿ, ಇಬ್ಬನಿಯೂ ಹೆಚ್ಚು, ಆದ್ದರಿಂದ ಮಳೆಯಿಲ್ಲದಿದ್ದರೂ ಮೇಲೆ ತಾಡಪತ್ರಿ ಇರಲಿ, ಗಾಳಿ ಬೀಸುವ ಕಡೆ ಅದನ್ನು ತಗ್ಗಿಸಿ ಕಟ್ಟಿ. ಮರ ಹಸಿಯಾಗಿರಲಿ, ತೊಡೆಗಾತ್ರವಾದರೂ ಇರಲಿ. ಮೇಲೆ ಒಣಗಿದ ಟೊಂಗೆ ಇಲ್ಲವೆಂದು ನೋಡಿಕೊಳ್ಳಿ. ಹಗ್ಗದ ಬದಲು ಅಗಲವಾದ ಪಟ್ಟಿ ಬಳಸಿದರೆ ತೊಗಟೆ ಗಾಯವಾಗದು. ಕುರ್ಚಿಯ ಎತ್ತರಕ್ಕಿಂತ ಮೇಲೆ ಕಟ್ಟಬೇಡಿ. ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ, ಹೊಲದಲ್ಲಿ ಒಡೆಯರ ಒಪ್ಪಿಗೆ ಇಲ್ಲದೆ ತಂಗಬೇಡಿ.

ಮಲಗುವ ಮುನ್ನ ಒಣಗಿದ ಉಡುಪು, ಒಣಗಿದ ಕಾಲುಚೀಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬೆವರಿದ ಬನಿಯನ್ನಿನಲ್ಲಿ ಮಲಗುವುದೆಂದರೆ ಮೈಯ ಬಿಸಿಯನ್ನು ನೀವೇ ದಾನ ಮಾಡಿದಂತೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿದಿಡುತ್ತದೆ. ನಮ್ಮ ಕುರುಬರು ಮಳೆ-ಚಳಿಗಳಲ್ಲಿ ಕುರಿ ಕಾಯುತ್ತ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದು ಸುಮ್ಮನೆ ಅಲ್ಲ. ಹುಣಸೆ ಬೀಜದ ಗಂಜಿ ಕುಡಿದ ಆ ಕಂಬಳಿ ಮಳೆಯನ್ನೂ ತಡೆಯುತ್ತದೆ. ತಲೆಗೆ ಟೋಪಿ ಹಾಕಿ, ಆದರೆ ಮುಖವನ್ನು ಒಳಗೆ ಸೇರಿಸಿ ಉಸಿರಾಡಬೇಡಿ, ಉಸಿರಿನ ತೇವ ಹೊದಿಕೆಗೆ ಸೇರುತ್ತದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಕಾಲುಚೀಲದಲ್ಲಿ ಹಾಕಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಹೊಟ್ಟೆಗೆ ಶೇಂಗಾ ಉಂಡಿಯೋ ಅಂಟಿನ ಉಂಡಿಯೋ ಎರಡು. ತುಪ್ಪ, ಒಣಕೊಬ್ಬರಿಗಳು ನಿಧಾನವಾಗಿ ಜೀರ್ಣವಾಗುತ್ತ ರಾತ್ರಿಯಿಡೀ ಉರಿಯುವ ಸೌದೆಯಂತೆ. ಇದನ್ನೆಲ್ಲ ಚಳಿ ಹತ್ತುವ ಮೊದಲೇ ಮಾಡಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಎರಡು ಮಾತುಗಳನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೊದಲನೆಯದು ಕೆಂಡ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಮೈ ಕಾಯಿಸುತ್ತಿದ್ದರು. ಅದನ್ನು ಕೇಳಿ ತಾಡಪತ್ರಿಯ ಒಳಗೋ ಡೇರೆಯೊಳಗೋ ಕೆಂಡ ಇಡಲು ಹೋಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ, ಮುಚ್ಚಿದ ಕೋಣೆಯಲ್ಲಿ ಶೇಗಡಿ ಇಟ್ಟು ಮಲಗಿದವರು ಏಳಲೇ ಇಲ್ಲವೆಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಜೊತೆಗೆ ನೈಲಾನಿಗೆ ಒಂದು ಕಿಡಿ ಸಾಕು. ಎರಡನೆಯದು ಮದ್ಯ. ಉಪದೇಶವೆಂದುಕೊಳ್ಳಬೇಡಿ, ದೇಹಧರ್ಮ ಹೇಳುತ್ತಿದ್ದೇನೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜವಾಗಿ ಒಳಗಿನ ಬಿಸಿ ಹೊರಗೆ ಸೋರುತ್ತಿರುತ್ತದೆ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ತಡೆಯಲಾಗದ ನಡುಕ, ತೊದಲು ಮಾತು, ಕೈಗೆ ಕೆಲಸ ಬಾರದಿರುವುದು, ಗಲಿಬಿಲಿ, ಇವು ಲಕ್ಷಣಗಳು. ಮೈ ತಣ್ಣಗಿದ್ದೂ ನಡುಕ ನಿಂತುಹೋದರೆ ಅದು ಗುಣವಾದದ್ದಲ್ಲ, ಅಪಾಯ ಹೆಚ್ಚಿದ್ದು. ಗಾಳಿಯಿಂದ ಮರೆಗೆ ಒಯ್ಯಿರಿ, ಒದ್ದೆ ಬಟ್ಟೆ ಬಿಚ್ಚಿ, ಕೆಳಗೆ ಹಾಸಿ ಮೇಲೆ ಹೊದೆಸಿ. ಎದೆ, ಕುತ್ತಿಗೆ, ತೊಡೆಸಂದಿಗೆ ಹಿತವಾದ ಬಿಸಿ ಕೊಡಿ, ಕೈಕಾಲು ತಿಕ್ಕಬೇಡಿ. ಪೂರ್ಣ ಎಚ್ಚರವಿದ್ದು ನುಂಗಲು ಬರುತ್ತಿದ್ದರೆ ಮಾತ್ರ ಸಿಹಿಯಾದ ಬಿಸಿ ಪಾನೀಯ ಕೊಡಿ. ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚಳಿ ಹತ್ತಿದವನಿಗೆ ತನಗೇನಾಗುತ್ತಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ಪಕ್ಕದ ಮರದವರೇ ಗುರುತಿಸಬೇಕು. ಅದಕ್ಕೇ ಒಬ್ಬರೇ ಹೋಗಬೇಡಿ, ಒಬ್ಬರಿಗೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಕಟ್ಟಿಕೊಳ್ಳಿ.

ನನ್ನ ಮಗಳು ಉತ್ತರಾಖಂಡಕ್ಕೆ ಹೋಗಿ ಬಂದಳು. ಕೆಳಗೆ ಒಂದರ ಬದಲು ಎರಡು ಕೌದಿ ಕಟ್ಟಿಕೊಂಡು, ದೇವದಾರು ಮರಗಳ ನಡುವೆ ಮೂರು ರಾತ್ರಿ ಮಲಗಿದಳು. ಹೊರಡುವ ದಿನ ಆ ಎರಡನ್ನೂ ಮಡಚಿ ಅವಳ ಚೀಲಕ್ಕೆ ತುಂಬಿದವರು ನಮ್ಮವರೇ. ಈಗ ಅವಳ ಗೆಳತಿಯರಿಗೂ ಹೊಲಿದುಕೊಡುತ್ತಿದ್ದೇನೆ, ಅವರಲ್ಲಿ ಮರಾಠಿಯವರು, ತಮಿಳರು ಎಲ್ಲರೂ ಇದ್ದಾರೆ. ಅವರೆಲ್ಲರ ಬಾಯಲ್ಲೂ ಅದರ ಹೆಸರು ಅಂಡರ್‌ಕ್ವಿಲ್ಟ್ ಅಲ್ಲ, ಕೌದಿ!

ನಿಮಗೂ ಬೇಕಿದ್ದರೆ ಅರಿವೆ ಮತ್ತು ಹಳೆಯ ರಜಾಯಿ ಹಿಡಿದು ನಮ್ಮ ಮನೆಗೆ ಬನ್ನಿ. ಹೊಲಿದುಕೊಡುವುದಿಲ್ಲ, ಹೊಲಿಯುವುದನ್ನು ಕಲಿಸುತ್ತೇನೆ. ಅಂಟಿನ ಉಂಡಿಯನ್ನು ಮಾತ್ರ ಕೇಳದೆಯೇ ಕಟ್ಟಿಕೊಡುತ್ತೇನೆ. ಬೆಟ್ಟಗಳು ನಿಮಗಾಗಿಯೇ ಇವೆ. ಬೆಚ್ಚಗೆ ಹೋಗಿ, ಬೆಚ್ಚಗೆ ಬನ್ನಿ.